ಎಷ್ಟು ಜನರಲ್ಲಿ ಎಷ್ಟು ಮಂದಿ?

ಅಡಕೆ ಕೊಯ್ಲಿನ ಗಡಿಬಿಡಿ ಇಳಿಯುವ ಹೊತ್ತಿಗೆ ಮಲೆನಾಡಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಬಗೆಯ ಸುದ್ದಿ ಶುರುವಾಗುತ್ತದೆ. ‘ಮಂಗನ ಕಾಯಿಲೆ: ಮತ್ತೆ ಮೂವರಲ್ಲಿ ಪತ್ತೆ’. ವಾರ ಕಳೆದರೆ ‘ಸೋಂಕಿತರ ಸಂಖ್ಯೆ ಏರಿಕೆ’. ಇನ್ನೊಂದು ವಾರಕ್ಕೆ ‘ಆತಂಕದಲ್ಲಿ ಜನ’. ಓದಿದವರಿಗೆ ಆತಂಕವಾಗುವುದೇನೋ ಹೌದು, ಆದರೆ ಎಷ್ಟು ಆತಂಕ ಪಡಬೇಕು ಎಂಬುದು ಮಾತ್ರ ಆ ಸುದ್ದಿಯಲ್ಲಿ ಇರುವುದಿಲ್ಲ. ಮೂವರು ಎಂದರೆ ಎಷ್ಟು ಜನರಿರುವ ಊರಿನಲ್ಲಿ ಮೂವರು? ಎಷ್ಟು ಮಂದಿಯ ರಕ್ತ ಪರೀಕ್ಷೆ ಮಾಡಿದ ಮೇಲೆ ಸಿಕ್ಕ ಮೂವರು? ಹೋದ ವರ್ಷ ಇದೇ ವಾರದಲ್ಲಿ ಎಷ್ಟಿತ್ತು? ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಬಾಯಿಪಾಠ ಮಾಡಿಸಿದ್ದರು. ನಮ್ಮ ರೋಗದ ಸುದ್ದಿಗಳಲ್ಲಿ ಅಂಶವಷ್ಟೇ ಅಚ್ಚಾಗುತ್ತದೆ.

ಆ ಛೇದವನ್ನು ಹುಡುಕಿ ಹೊರಡುವ ಶಾಸ್ತ್ರಕ್ಕೆ ಎಪಿಡೆಮಿಯಾಲಜಿ ಎನ್ನುತ್ತಾರೆ. ಕನ್ನಡದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ಎಂದು ಬರೆಯುವುದುಂಟು, ಆದರೆ ಅದರ ವ್ಯಾಪ್ತಿ ಅಂಟುರೋಗಕ್ಕೆ ನಿಲ್ಲುವುದಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ರಸ್ತೆ ಅಪಘಾತ, ಹಾವು ಕಡಿತ ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಆಸ್ಪತ್ರೆಯ ವೈದ್ಯರು ತಮ್ಮ ಮುಂದೆ ಮಲಗಿರುವ ರೋಗಿಯನ್ನು ನೋಡುತ್ತಾರೆ. ಈ ಶಾಸ್ತ್ರದವರು ರೋಗಿ ಬಂದ ಊರನ್ನು ನೋಡುತ್ತಾರೆ, ಅದರಲ್ಲೂ ಆ ಊರಿನಲ್ಲಿ ಯಾರಿಗೆ ಕಾಯಿಲೆ ಬರಲಿಲ್ಲ ಎಂಬುದನ್ನು. ಕಾಯಿಲೆ ಬಾರದವರನ್ನು ಎಣಿಸದೆ ಬಂದವರ ಬಗ್ಗೆ ಏನೂ ಹೇಳಲಾಗದು ಎಂಬುದು ಇವರ ಹಟ. ಈ ಹಟ ಸರಿಯಾದದ್ದೇ ಎಂದು ತೋರಿಸಲು ಮಂಗನ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದು ಹುಟ್ಟಿನಿಂದ ನಮ್ಮದೇ ಕಾಯಿಲೆ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕಿರುವ ಹೆಸರು ಸೊರಬ ತಾಲ್ಲೂಕಿನ ಒಂದು ಕಾಡಿನದು.

1957ರಲ್ಲಿ ಆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದವು. ಕಪ್ಪು ಮುಸುಡಿಯ ಮುಸಿಯ, ಕೆಂಪು ಮುಸುಡಿಯ ಮಂಗ ಎರಡೂ. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಇದ್ದಕ್ಕಿದ್ದಂತೆ ಕೆಂಡದಂಥ ಜ್ವರ, ತಲೆ ಸಿಡಿಯುವ ನೋವು, ಸೊಂಟ ಕಾಲು ಹಿಡಿದುಕೊಂಡು ಏಳಲಾಗದ ಸ್ಥಿತಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಮೊದಮೊದಲು ವಿಷಮಶೀತ ಜ್ವರ ಇರಬಹುದೆಂದುಕೊಂಡರು. ಮಂಗ ಸಾಯುತ್ತಿರುವ ಸಂಗತಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿನವರ ಎದೆ ಧಸಕ್ಕೆಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು; ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗ ಸತ್ತು ಜೊತೆಗೆ ಜನರಿಗೂ ಜ್ವರ ಬಂತೆಂದರೆ ಅದು ಹಳದಿ ಜ್ವರ. ಏಷ್ಯಾದಲ್ಲಿ ಆ ರೋಗ ಎಂದೂ ಕಾಣಿಸಿಕೊಂಡಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಮನೆಮನೆಯಲ್ಲೂ ಇತ್ತು. ಅದು ಒಳಗೆ ಬಂದಿದ್ದರೆ ಗತಿಯೇನು?

ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಾಡಿಗೆ ಬಂದರು. ಇಂಥ ಕಡೆ ತನಿಖೆಗೆ ಹೋದವರು ಮೊದಲು ಕೇಳುವ ಪ್ರಶ್ನೆಗಳು ಮೂರು: ಯಾವಾಗ, ಎಲ್ಲಿ, ಯಾರಿಗೆ. ಕಾಲ, ಜಾಗ, ವ್ಯಕ್ತಿ. ಕೇಳಲು ತೀರಾ ಸಾದಾ, ಆದರೆ ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ. ಮನೆಯೊಳಗಿನ ಸೊಳ್ಳೆಯಿಂದ ಬರುವ ರೋಗವಾದರೆ ತೊಟ್ಟಿಲ ಕೂಸಿಗೂ ಜಗಲಿಯ ಅಜ್ಜಿಗೂ ಬರಬೇಕು. ಇಲ್ಲಿ ಮಲಗಿದ್ದವರು ಕಾಡಿಗೆ ಹೋಗುವವರು: ಸೌದೆ ತರುವವರು, ದನ ಮೇಯಿಸುವವರು, ಕೊಟ್ಟಿಗೆಗೆ ಹಾಸಲು ದರಗು ಗುಡಿಸುವವರು. ಕಾಲ, ಮಳೆ ನಿಂತು ನೆಲ ಒಣಗಿದ ಮೇಲಿನ ತಿಂಗಳುಗಳು. ಜಾಗ, ಕಾಡಂಚು. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಸೊಳ್ಳೆಗಿಂತ ನೆಲದ ಮೇಲಿನ, ಎಲೆಯಡಿಯ ಜೀವಿಯೊಂದರ ಮೇಲೆ ಅನುಮಾನ ಹೋಗುತ್ತದೆ. ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಲ್ಲ, ಸೈಬೀರಿಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ಹತ್ತಿರದ ನೆಂಟ ಎಂದು ತಿಳಿಯಿತು. ಹಿಮ ಅಂದರೇನೆಂದೇ ಅರಿಯದ ಸೊರಬದಲ್ಲಿ ಸೈಬೀರಿಯಾದ ಬಂಧು! ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೇ ಎಂಬ ಗುಮಾನಿಯಿಂದ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, ಸಲೀಂ ಅಲಿ ಅವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಭಾರತದ ವಲಸೆ ಹಕ್ಕಿಗಳ ಬಗ್ಗೆ ನಮಗಿರುವ ತಿಳಿವಿನ ಒಂದು ದೊಡ್ಡ ಪಾಲು ಮಾತ್ರ ಹೀಗೆ ಒಂದು ಮಂಗನ ಕಾಯಿಲೆಯ ಬೆನ್ನಿಗೆ ಬಂತು.

ಇನ್ನು ಪಾತ್ರಗಳ ಪರಿಚಯ. ರೋಗ ತರುವ ವೈರಸ್ಸು ಏಜೆಂಟ್, ರೋಗಕಾರಕ. ಅದು ಹೊಕ್ಕು ಬೆಳೆಯುವ ದೇಹ ಹೋಸ್ಟ್, ಆಶ್ರಯದಾತ. ಒಂದು ದೇಹದಿಂದ ಇನ್ನೊಂದಕ್ಕೆ ಒಯ್ಯುವ ಉಣ್ಣೆ ವೆಕ್ಟರ್, ವಾಹಕ. ಪ್ರಾಣಿಯಿಂದ ಮನುಷ್ಯನಿಗೆ ಬರುವ ಕಾಯಿಲೆಗೆ ಪ್ರಾಣಿಜನ್ಯ ರೋಗ ಎಂಬ ಹೆಸರು ಕೋವಿಡ್ ನಂತರ ಎಲ್ಲರ ಬಾಯಲ್ಲೂ ಬಂದಿದೆ. ಇಲ್ಲಿ ಮನುಷ್ಯ ‘ಡೆಡ್ ಎಂಡ್’ ಆಶ್ರಯದಾತ, ಅಂದರೆ ವೈರಸ್ಸಿನ ದಾರಿ ಅವನಲ್ಲಿ ಮುಗಿಯುತ್ತದೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಹಾಗಿದ್ದೂ ಕಾಯಿಲೆ ಬಂದ ಮನೆಯ ನೆರಳಿಗೂ ಹೋಗದೆ ದೂರ ಉಳಿಯುವ ನೆಂಟರು ಇಂದಿಗೂ ಇದ್ದಾರೆ. ಕಾಡಿನ ಕಡೆ ನೋಡಿ ಹೆದರಬೇಕಾದವರು ರೋಗಿಯ ಚಾಪೆ ನೋಡಿ ಹೆದರುತ್ತಾರೆ.

ಮಂಗನ ಹೆಸರಿನಲ್ಲಿ ಕಾಯಿಲೆ ಇರುವುದರಿಂದ ಮಂಗವೇ ಅಪರಾಧಿ ಎಂದುಕೊಳ್ಳುವುದೂ ಹಾಗೆಯೇ ತಪ್ಪು. ಮಂಗ ನಮ್ಮಂತೆಯೇ, ಬಹುಶಃ ನಮಗಿಂತ ಹೆಚ್ಚಾಗಿ, ಈ ವೈರಸ್ಸಿಗೆ ಬಲಿಯಾಗುವ ಪ್ರಾಣಿ. ಅದು ಸತ್ತಾಗ ಮೈಮೇಲಿದ್ದ ಉಣ್ಣೆಗಳು ತಣ್ಣಗಾಗುತ್ತಿರುವ ದೇಹ ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಆ ಜಾಗ ಆರೋಗ್ಯ ಇಲಾಖೆಯ ಭಾಷೆಯಲ್ಲಿ ಹಾಟ್‌ಸ್ಪಾಟ್. ಮಂಗ ಸತ್ತ ಜಾಗದ ಸುತ್ತ ಪುಡಿ ಎರಚುವುದು, ಅತ್ತ ದನ ಅಟ್ಟಬೇಡಿ ಎಂದು ಡಂಗುರ ಹಾಕಿಸುವುದು ಇದಕ್ಕೇ.

ರೋಗಕಾರಕ, ಆಶ್ರಯದಾತ ಎರಡರ ಜೊತೆಗೆ ಮೂರನೆಯದಾಗಿ ಪರಿಸರವನ್ನು ಸೇರಿಸಿ ಪಠ್ಯಪುಸ್ತಕಗಳು ಒಂದು ತ್ರಿಕೋನ ಬರೆಯುತ್ತವೆ. ತ್ರಿಕೋನದ ಚಿತ್ರದಲ್ಲಿ ಪರಿಸರ ಒಂದು ಸಪ್ಪೆ ಪದ. ಅದಕ್ಕೆ ಜೀವ ಬರಬೇಕಾದರೆ ಹೋರ್ಹೆ ಬೊಶೆಲ್ ಅವರ ಕೆಲಸ ನೋಡಬೇಕು. ಕೊಲಂಬಿಯಾದವರು. ಅಲ್ಲಿ ಹಳದಿ ಜ್ವರದ ಜಾಡು ಹಿಡಿದು ಅಲೆಯುವಾಗ, ಮರ ಕಡಿಯುವವರು ಮರ ಉರುಳಿಸಿದೊಡನೆ ತುದಿಯ ಎಲೆಗಳಲ್ಲಿದ್ದ ಸೊಳ್ಳೆಗಳು ಮೋಡದಂತೆ ಕೆಳಗೆ ಬಂದು ಮುತ್ತಿದ್ದನ್ನು ಕಣ್ಣಾರೆ ಕಂಡವರು. ಮರದ ಮೇಲೆ ಮಂಗಗಳ ನಡುವೆ ಸುತ್ತುತ್ತಿದ್ದ ರೋಗ ಕೊಡಲಿಯ ಏಟಿಗೆ ಮನುಷ್ಯರ ಮಟ್ಟಕ್ಕೆ ಇಳಿಯುವ ಬಗೆ ಅವರಿಗೆ ಅಲ್ಲಿ ಹೊಳೆಯಿತು. ಆ ಕಣ್ಣು ಹೊತ್ತು ಅವರು ಸಾಗರ, ಸೊರಬದ ಕಾಡಿಗೆ ಬಂದರು. 1969ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಾತ್ಪರ್ಯ ಇಷ್ಟು: ಜನ ಹೆಚ್ಚಿ ಕಾಡು ಒಡೆದು ಗದ್ದೆ ಮಾಡಿದಾಗ ದನಗಳೂ ಹೆಚ್ಚಿದವು, ದನ ಕಾಡಂಚಿನಲ್ಲಿ ಮೇಯತೊಡಗಿದವು, ಬಲಿತ ಉಣ್ಣೆಗಳಿಗೆ ಹೊಟ್ಟೆ ತುಂಬ ರಕ್ತ ಸಿಕ್ಕಿತು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ವೈರಸ್ ಹಬ್ಬಿಸುವುದರಲ್ಲೂ ಅದರ ಪಾತ್ರ ಹೆಚ್ಚಿಲ್ಲ. ಆದರೆ ಉಣ್ಣೆಯ ಸಂಸಾರ ಬೆಳೆಸುವುದರಲ್ಲಿ ಅದರದೇ ದೊಡ್ಡ ಕೈ. ಮೊದಲೇ ಕಾಡಿನಲ್ಲಿ ಸದ್ದಿಲ್ಲದೆ ಇದ್ದ ವೈರಸ್ಸಿಗೆ ಹೀಗೆ ದಾರಿ ಅಗಲವಾಯಿತು.

ಉಣ್ಣೆಯ ಬದುಕನ್ನು ತಿಳಿದರೆ ಪತ್ರಿಕೆಯ ಸುದ್ದಿ ಜನವರಿಯಲ್ಲೇ ಏಕೆ ಬರುತ್ತದೆ ಎಂಬುದೂ ಗೊತ್ತಾಗುತ್ತದೆ. ಮೊಟ್ಟೆಯಿಂದ ಲಾರ್ವ, ಅದು ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟರೆ ನಿಂಫ್, ಮತ್ತೊಮ್ಮೆ ಕುಡಿದು ಬಿಟ್ಟರೆ ಬಲಿತ ಉಣ್ಣೆ. ಲಾರ್ವವಾಗಿದ್ದಾಗ ಒಳಹೊಕ್ಕ ವೈರಸ್ ಪೊರೆ ಬಿಟ್ಟ ಮೇಲೂ ಒಳಗೇ ಉಳಿಯುತ್ತದೆ. ಮನುಷ್ಯರನ್ನು ಹೆಚ್ಚು ಕಚ್ಚುವುದು ನಡುವಿನ ನಿಂಫ್, ಸಾಸಿವೆ ಕಾಳಿಗಿಂತ ಸಣ್ಣದು, ಕಚ್ಚಿದ್ದೇ ಅರಿವಾಗುವುದಿಲ್ಲ. ಅದು ಚುರುಕಾಗಿರುವುದು ಮಳೆ ಹಿಂದಾದ ಮೇಲಿನ ಒಣ ತಿಂಗಳುಗಳಲ್ಲಿ. ಹೆಂಗಸರು ಹೆಡಿಗೆ ಹಿಡಿದು ದರಗು ಗುಡಿಸಲು ಹೋಗುವುದೂ ಆಗಲೇ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಕಾಣಿಸಿಕೊಳ್ಳುತ್ತದೆ. ಈ ಅಂತರಕ್ಕೆ ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ. ತನಿಖೆಗೆ ಇದು ದೊಡ್ಡ ಸುಳಿವು. ಜ್ವರ ಬಂದ ದಿನದಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿ ಆಗ ಎಲ್ಲಿ ಹೋಗಿದ್ದಿರಿ ಎಂದು ಕೇಳಬೇಕು. ನಿನ್ನೆ ಎಲ್ಲಿ ಹೋಗಿದ್ದಿರಿ ಎಂದು ಕೇಳಿದರೆ ಪ್ರಯೋಜನವಿಲ್ಲ.

ದಿನಕ್ಕೆಷ್ಟು ಮಂದಿಗೆ ಜ್ವರ ಶುರುವಾಯಿತು ಎಂದು ಸಾಲಾಗಿ ಕಂಬಗಳನ್ನು ಎಳೆದರೆ ಬರುವ ಚಿತ್ರಕ್ಕೆ ಎಪಿಡೆಮಿಕ್ ಕರ್ವ್ ಎಂದು ಹೆಸರು. ಮದುವೆ ಊಟದಲ್ಲಿ ಹೊಟ್ಟೆ ಕೆಟ್ಟರೆ ಆ ಚಿತ್ರ ಒಂದೇ ದಿನ ನೆಟ್ಟಗೆ ಏರಿ ಇಳಿಯುತ್ತದೆ, ಏಕೆಂದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡವರು. ದಡಾರದಂತೆ ಒಬ್ಬರಿಂದೊಬ್ಬರಿಗೆ ಹರಡುವುದಾದರೆ ಅಲೆಯ ಮೇಲೆ ಅಲೆ. ಮಂಗನ ಕಾಯಿಲೆಯ ಚಿತ್ರ ಎರಡೂ ಅಲ್ಲ. ಡಿಸೆಂಬರಿನಿಂದ ಮೇವರೆಗೆ ಹರಡಿಕೊಂಡು, ಮಳೆ ಬಿದ್ದೊಡನೆ ಮಲಗುತ್ತದೆ.

ಒಂದು ಪ್ರದೇಶದಲ್ಲಿ ವರ್ಷವರ್ಷವೂ ಇದ್ದೇ ಇರುವ ರೋಗ ಎಂಡೆಮಿಕ್. ಶಿವಮೊಗ್ಗ ಜಿಲ್ಲೆಗೆ ಮಂಗನ ಕಾಯಿಲೆ ಹಾಗೆ. ಮಾಮೂಲಿ ಮಟ್ಟವನ್ನು ಮೀರಿ ಹೆಚ್ಚಿದರೆ ಎಪಿಡೆಮಿಕ್, ಸಣ್ಣ ಪ್ರದೇಶಕ್ಕೆ ಸೀಮಿತವಾಗಿದ್ದರೆ ಔಟ್‌ಬ್ರೇಕ್. ಗಮನಿಸಬೇಕಾದದ್ದು, ಇಲ್ಲಿ ಸಂಖ್ಯೆಗೆ ಸ್ವಂತ ಬೆಲೆಯಿಲ್ಲ, ಮಾಮೂಲಿ ಎಷ್ಟು ಎಂಬುದರ ಮೇಲೆ ಅದರ ಬೆಲೆ. ಸಾಗರ ತಾಲ್ಲೂಕಿನಲ್ಲಿ ಜನವರಿಯಲ್ಲಿ ಹತ್ತು ಪ್ರಕರಣ ಬಂದರೆ ಅದು ಆ ಋತುವಿನ ಪಾಡು. ಎಂದೂ ಕಾಣದ ತಾಲ್ಲೂಕಿನಲ್ಲಿ ಎರಡೇ ಪ್ರಕರಣ ಬಂದರೂ ಔಟ್‌ಬ್ರೇಕ್. 1982–83ರ ಹೊತ್ತಿಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದು ಗೇರು ನೆಡಲು ಹೊರಟಾಗ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು, ಅದು ಯಾವ ಅಳತೆಯಲ್ಲಿ ನೋಡಿದರೂ ಎಪಿಡೆಮಿಕ್. 2018ರ ಡಿಸೆಂಬರಿನಲ್ಲಿ ಜೋಗದ ಆಚೆಯ ಅರಳಗೋಡಿನಲ್ಲಿ ಶುರುವಾದದ್ದು ಒಂದೇ ಗ್ರಾಮ ಪಂಚಾಯಿತಿಯ ಸುತ್ತಮುತ್ತ ಸಾವಿನ ಮೇಲೆ ಸಾವು ತಂದ ಔಟ್‌ಬ್ರೇಕ್. ಬೇರೆಬೇರೆ ಖಂಡಗಳನ್ನು ಮುಟ್ಟಿದರೆ ಮಾತ್ರ ಪ್ಯಾಂಡೆಮಿಕ್. ಉಣ್ಣೆಯನ್ನು ನೆಚ್ಚಿಕೊಂಡ ಈ ಕಾಯಿಲೆಯ ಮಟ್ಟಿಗೆ ಆ ಪದವನ್ನು ಮರೆತುಬಿಡಬಹುದು.

2012ರಲ್ಲಿ ಮಂಗನ ಕಾಯಿಲೆ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಸತ್ತ ಮಂಗಗಳ ದೇಹ ಮುಟ್ಟಿದ ಅರಣ್ಯ ಸಿಬ್ಬಂದಿಗೂ ತಗುಲಿತ್ತು. ಆಮೇಲೆ ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ‘ಹೊಸ ರಾಜ್ಯಗಳಿಗೆ ಲಗ್ಗೆ’ ಎಂದು ಬರೆದೆವು. ನಿಜಕ್ಕೂ ಲಗ್ಗೆಯೋ ಅಥವಾ ಮೊದಲೇ ಇದ್ದದ್ದನ್ನು ಈಗ ಪರೀಕ್ಷೆ ಮಾಡಿ ಕಂಡುಕೊಂಡೆವೋ? ಆ ವರ್ಷಗಳಲ್ಲೇ ಪಿಸಿಆರ್ ಪರೀಕ್ಷೆ ಕೈಗೆ ಸಿಕ್ಕಿತ್ತು. ಎಪಿಡೆಮಿಯಾಲಜಿ ಕಲಿತವರು ಎರಡೂ ಇರಬಹುದು ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ, ಪತ್ರಿಕೆಯವರಿಗೆ ಆ ಉತ್ತರ ಹಿಡಿಸುವುದಿಲ್ಲ. ಹುಡುಕುವುದು ಹೆಚ್ಚಾದರೆ ಸಿಗುವುದೂ ಹೆಚ್ಚಾಗುತ್ತದೆ. ಸಂಖ್ಯೆ ಏರಿತೆಂದು ಕೇಳಿದಾಗ ಪರೀಕ್ಷೆಯೂ ಏರಿತೇ ಎಂದು ಕೇಳುವುದು ಇದಕ್ಕಾಗಿ.

ಇಲ್ಲಿಂದ ಛೇದದ ವಿಷಯ. ಎರಡು ಅಳತೆಗಳನ್ನು ನಮ್ಮವರು ಸದಾ ಕಲಸಿಬಿಡುತ್ತಾರೆ. ಇಷ್ಟು ಅವಧಿಯಲ್ಲಿ ಇಷ್ಟು ಜನರಲ್ಲಿ ಹೊಸದಾಗಿ ಎಷ್ಟು ಮಂದಿಗೆ ಬಂತು ಎಂಬುದು ಇನ್ಸಿಡೆನ್ಸ್. ಈ ಹೊತ್ತಿನಲ್ಲಿ ಹೊಸದು ಹಳೆಯದು ಸೇರಿ ಎಷ್ಟು ಮಂದಿಗೆ ಇದೆ ಎಂಬುದು ಪ್ರಿವೆಲೆನ್ಸ್. ಮಂಗನ ಕಾಯಿಲೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ ಇಲ್ಲವೆ ಕೊಲ್ಲುತ್ತದೆ, ಆದ್ದರಿಂದ ಇಲ್ಲಿ ಪ್ರಿವೆಲೆನ್ಸಿಗೆ ಅರ್ಥ ಕಡಿಮೆ. ಸಕ್ಕರೆ ಕಾಯಿಲೆ ಇದಕ್ಕೆ ತದ್ವಿರುದ್ಧ. ಒಮ್ಮೆ ಬಂದರೆ ಜೀವಮಾನವಿಡೀ ಇರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದಿತು. ಇದು ಪ್ರಿವೆಲೆನ್ಸ್. ಒಳ್ಳೆಯ ಔಷಧ ಸಿಕ್ಕಿ ರೋಗಿಗಳು ಹೆಚ್ಚು ಕಾಲ ಬದುಕಿದರೂ ಈ ಸಂಖ್ಯೆ ಏರುತ್ತದೆ. ಏರಿಕೆ ಕಂಡ ಕೂಡಲೇ ‘ಪರಿಸ್ಥಿತಿ ಬಿಗಡಾಯಿಸಿದೆ’ ಎಂದು ಬರೆಯುವವರು ಇದನ್ನು ಯೋಚಿಸುವುದಿಲ್ಲ.

ಅಂಶದಲ್ಲೂ ತಕರಾರಿದೆ. ಯಾರನ್ನು ರೋಗಿ ಎಂದು ಎಣಿಸಬೇಕು? ಜ್ವರ ಬಂದವರೆಲ್ಲ ಮಂಗನ ಕಾಯಿಲೆಯವರಲ್ಲ, ಅದೇ ಕಾಡಂಚಿನಲ್ಲಿ ಇಲಿ ಜ್ವರವೂ ಉಂಟು, ಡೆಂಗಿಯೂ ಉಂಟು. ಆದ್ದರಿಂದ ಪ್ರಕರಣದ ವ್ಯಾಖ್ಯೆ ಮೊದಲೇ ಬರೆದಿಡುತ್ತಾರೆ: ರೋಗ ಕಾಣಿಸಿಕೊಳ್ಳುವ ಪ್ರದೇಶದಲ್ಲಿದ್ದು ಇಂತಿಂಥ ಲಕ್ಷಣ ಇದ್ದರೆ ಶಂಕಿತ, ಪ್ರಯೋಗಾಲಯದಲ್ಲಿ ಸಿಕ್ಕರೆ ದೃಢ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್, ತಡವಾಗಿ ಬಂದರೆ ಪ್ರತಿಕಾಯ ಹುಡುಕುವ ಎಲೈಸಾ. ಆಸ್ಪತ್ರೆಗೆ ತಡವಾಗಿ ಬಂದವರಿಗೆ ಪಿಸಿಆರ್ ಒಂದನ್ನೇ ಮಾಡಿ ‘ನೆಗೆಟಿವ್’ ಎಂದು ಕಳುಹಿಸಿದರೆ ನಿಜವಾದ ರೋಗಿಯೊಬ್ಬರು ಲೆಕ್ಕದಿಂದ ಜಾರಿದಂತೆ. ಶಂಕಿತರ ಪಟ್ಟಿ, ದೃಢಪಟ್ಟವರ ಪಟ್ಟಿ ಎರಡನ್ನೂ ಬೇರೆಬೇರೆ ದಿನ ಬೇರೆಬೇರೆ ಅಧಿಕಾರಿಗಳ ಬಾಯಲ್ಲಿ ಕೇಳಿ ಸರ್ಕಾರ ಅಂಕಿ ಮುಚ್ಚಿಡುತ್ತಿದೆ ಎಂದು ಕೂಗಿದ್ದೂ ಉಂಟು. ಕೆಲವೊಮ್ಮೆ ಮುಚ್ಚಿಟ್ಟಿರಲೂಬಹುದು, ಆದರೆ ವ್ಯಾಖ್ಯೆ ಯಾವುದೆಂದು ಕೇಳದೆ ಅದನ್ನು ಹೇಳಲಾಗದು.

ಸಾವಿನ ಲೆಕ್ಕ ಇನ್ನೂ ಸೂಕ್ಷ್ಮ. ಮಂಗನ ಕಾಯಿಲೆ ಬಂದವರಲ್ಲಿ ಶೇ 3ರಿಂದ 5 ಮಂದಿ ಸಾಯುತ್ತಾರೆ ಎಂದು ಪುಸ್ತಕಗಳು ಹೇಳುತ್ತವೆ. ಇದು ಪ್ರಕರಣ ಮರಣ ಪ್ರಮಾಣ. ಛೇದದಲ್ಲಿರುವುದು ಪತ್ತೆಯಾದ ರೋಗಿಗಳು ಮಾತ್ರ. ಸಣ್ಣ ಜ್ವರ ಬಂದು ಕಷಾಯ ಕುಡಿದು ಮಲಗಿ ಎದ್ದವರು ಅದರಲ್ಲಿಲ್ಲ. ಅವರನ್ನೂ ಸೇರಿಸಿದರೆ ಸಿಗುವ ಸೋಂಕು ಮರಣ ಪ್ರಮಾಣ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಗಬಹುದು ಎಂಬುದಕ್ಕೆ ಕೋವಿಡ್ ಕಾಲದ ಲೆಕ್ಕ ನೋಡಿ. ಕರ್ನಾಟಕ ಸರ್ಕಾರ ನಡೆಸಿದ ಮೊದಲ ಸಿರೋ ಸಮೀಕ್ಷೆ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಸಮೀಕ್ಷೆ), 2020ರ ಸೆಪ್ಟೆಂಬರ್ 16ರ ಹೊತ್ತಿಗೆ ರಾಜ್ಯದ 7.07 ಕೋಟಿ ಜನರಲ್ಲಿ ಸುಮಾರು 1.93 ಕೋಟಿ ಮಂದಿಗೆ ಸೋಂಕು ತಗುಲಿ ಹೋಗಿತ್ತು ಅಥವಾ ಆಗ ಇತ್ತು ಎಂದು ಅಂದಾಜಿಸಿತು. ಅದೇ ದಿನ ಅಧಿಕೃತವಾಗಿ ವರದಿಯಾಗಿದ್ದ ಪ್ರಕರಣಗಳು ಐದು ಲಕ್ಷದ ಆಸುಪಾಸು. ಅಂದರೆ ಸುಮಾರು ನಲವತ್ತು ಸೋಂಕಿಗೆ ಒಂದು ನಮ್ಮ ಕಣ್ಣಿಗೆ ಬಿದ್ದಿತ್ತು. ವರದಿಯಾದ ಸಾವುಗಳನ್ನು ಐದು ಲಕ್ಷದಿಂದ ಭಾಗಿಸಿದರೆ ನೂರಕ್ಕೆ ಒಂದೂವರೆ, 1.93 ಕೋಟಿಯಿಂದ ಭಾಗಿಸಿದರೆ ಹತ್ತು ಸಾವಿರಕ್ಕೆ ಸುಮಾರು ನಾಲ್ಕು. ಸತ್ತವರು ಅದೇ ಜನ, ರೋಗವೂ ಅದೇ. ಸಾವುಗಳೇ ಪೂರ್ತಿ ವರದಿಯಾಗಿರಲಿಲ್ಲವಾದರೆ ಎರಡೂ ಅಂಕಿ ಮತ್ತೆ ಬದಲು.

ಈಗ ಒಂದು ಊರನ್ನು ಕಲ್ಪಿಸಿಕೊಳ್ಳಿ. ಸಾವಿರ ಜನ. ನಾನೂರು ಮಂದಿ ಆ ಋತುವಿನಲ್ಲಿ ಸೌದೆಗೋ ದರಗಿಗೋ ಕಾಡಿಗೆ ಹೋದವರು, ಆರುನೂರು ಹೋಗದವರು. ಹೋದವರಲ್ಲಿ 12 ಮಂದಿಗೆ ಕಾಯಿಲೆ, ಹೋಗದವರಲ್ಲಿ 3 ಮಂದಿಗೆ. ಮೊದಲನೆಯವರ ಅಪಾಯ ನೂರಕ್ಕೆ 3, ಎರಡನೆಯವರದು ನೂರಕ್ಕೆ ಅರ್ಧ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆರು. ಇದು ಸಾಪೇಕ್ಷ ಅಪಾಯ: ಕಾಡಿಗೆ ಹೋಗುವವರಿಗೆ ಆರು ಪಟ್ಟು. ‘ಆರು ಪಟ್ಟು’ ಎಂಬುದು ಒಳ್ಳೆಯ ತಲೆಬರಹ. ಆದರೆ ಕಾಡಿಗೆ ಹೋದ ನೂರರಲ್ಲಿ 97 ಮಂದಿಗೆ ಏನೂ ಆಗಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಪಟ್ಟು ಹೇಳುವವರು ಮೂಲ ಅಪಾಯ ಎಷ್ಟೆಂದೂ ಹೇಳಬೇಕು, ಇಲ್ಲದಿದ್ದರೆ ಅದು ಲಾಟರಿ ಟಿಕೆಟ್ ಎರಡು ಕೊಂಡು ಗೆಲ್ಲುವ ಸಾಧ್ಯತೆ ಎರಡು ಪಟ್ಟಾಯಿತು ಎಂದು ಬೀಗಿದ ಹಾಗೆ.

ಆರು ಪಟ್ಟಿಗೆ ಕಾಡೇ ಕಾರಣವೇ? ದರಗು ತರುವವರು ಯಾರು? ಕೊಟ್ಟಿಗೆಯಲ್ಲಿ ದನ ಇರುವವರು. ಉಣ್ಣೆಯನ್ನು ಮನೆಯಂಗಳಕ್ಕೆ ತಂದದ್ದು ದನವೋ, ದರಗಿನ ಹೊರೆಯೋ, ಕಾಡಿನಲ್ಲೇ ಕಚ್ಚಿತೋ? ಹೀಗೆ ಕಾರಣವೊಂದರ ಬೆನ್ನ ಹಿಂದೆ ಇನ್ನೊಂದು ನಿಂತು ಲೆಕ್ಕ ಕೆಡಿಸುವುದಕ್ಕೆ ಕನ್‌ಫೌಂಡಿಂಗ್ ಎನ್ನುತ್ತಾರೆ. ಬಿಡಿಸುವ ದಾರಿ ಸರಳ, ಕೆಲಸ ಜಾಸ್ತಿ: ದನ ಇರುವವರಲ್ಲೇ ಕಾಡಿಗೆ ಹೋದವರನ್ನೂ ಹೋಗದವರನ್ನೂ ಹೋಲಿಸಬೇಕು, ದನ ಇಲ್ಲದವರಲ್ಲೂ ಹಾಗೆಯೇ. ಇಡೀ ಊರನ್ನು ಹಿಂಬಾಲಿಸಲು ಪುರುಸೊತ್ತಿಲ್ಲದಾಗ ರೋಗಿಗಳನ್ನೂ ಅದೇ ಕೇರಿಯ ಆರೋಗ್ಯವಂತರನ್ನೂ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ, ಅದು ಕೇಸ್–ಕಂಟ್ರೋಲ್ ಅಧ್ಯಯನ. ಇದರಲ್ಲೊಂದು ಮನುಷ್ಯಸಹಜ ತೊಡಕಿದೆ. ಹತ್ತು ದಿನ ಜ್ವರದಲ್ಲಿ ನರಳಿದವರು ‘ಹೌದು ಮಾರಾಯ್ರೆ, ಆವತ್ತು ಮೊಣಕಾಲ ಹಿಂದೆ ಏನೋ ತುರಿಸಿತ್ತು’ ಎಂದು ಕೆದಕಿ ಕೆದಕಿ ನೆನಪು ಮಾಡಿಕೊಳ್ಳುತ್ತಾರೆ. ಏನೂ ಆಗದ ಪಕ್ಕದ ಮನೆಯವರಿಗೆ ಆ ವಾರ ಏನು ಮಾಡಿದೆವು ಎಂಬುದೇ ನೆನಪಿರುವುದಿಲ್ಲ.

ಲಸಿಕೆಯ ವಿಚಾರದಲ್ಲಿ ಈ ಗಣಿತ ಗೊತ್ತಿಲ್ಲದೆ ಬಹಳ ಹಾನಿಯಾಗಿದೆ. ಮಂಗನ ಕಾಯಿಲೆಗೆ 1990ರಿಂದ ಲಸಿಕೆ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ವರ್ಷವರ್ಷ ಮತ್ತೆ. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಒಂದು ಡೋಸ್ ಹಾಕಿಸಿಕೊಂಡವರು ಎರಡನೆಯದಕ್ಕೆ ತಲೆಮರೆಸಿಕೊಳ್ಳುತ್ತಿದ್ದರು. ಆರಂಭದ ಪರೀಕ್ಷೆಯಲ್ಲಿ ಎರಡು ಡೋಸಿಗೆ ಶೇ 93.5 ರಕ್ಷಣೆ ಎಂದು ಬಂದಿತ್ತು. 2005ರಿಂದ 2010ರವರೆಗಿನ ಮಾಹಿತಿ ಕಲೆಹಾಕಿ ನೋಡಿದಾಗ ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ಎಂದು ಸಿಕ್ಕಿತು. ಶೇ 62.4 ಎಂದರೆ ಹಾಕಿಸಿಕೊಂಡ ನೂರರಲ್ಲಿ 62 ಮಂದಿ ಸುರಕ್ಷಿತ, ಉಳಿದವರಿಗೆಲ್ಲ ಕಾಯಿಲೆ ಎಂದಲ್ಲ. ಹಾಕಿಸಿಕೊಳ್ಳದವರಿಗೆ ಇರುವ ಅಪಾಯದಲ್ಲಿ ಅಷ್ಟು ಪಾಲು ತಗ್ಗುತ್ತದೆ ಎಂದು.

ನಮ್ಮ ಕಲ್ಪನೆಯ ಊರಿಗೇ ಮರಳೋಣ. ಈ ಬಾರಿ ಎಂಟುನೂರು ಮಂದಿ ಲಸಿಕೆ ಹಾಕಿಸಿಕೊಂಡಿದ್ದಾರೆ, ಇನ್ನೂರು ಮಂದಿ ಇಲ್ಲ. ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 5ರಂತೆ 10 ಮಂದಿಗೆ ಕಾಯಿಲೆ. ಹಾಕಿಸಿಕೊಂಡವರಲ್ಲಿ ಆ ಅಪಾಯ ನೂರಕ್ಕೆ 1.88ಕ್ಕೆ ಇಳಿಯುತ್ತದೆ, ಎಂಟುನೂರರಲ್ಲಿ 15 ಮಂದಿ. ಒಟ್ಟು 25 ರೋಗಿಗಳು, ಅವರಲ್ಲಿ 15 ಮಂದಿ ಲಸಿಕೆ ಹಾಕಿಸಿಕೊಂಡವರು! ‘ಸೋಂಕಿತರಲ್ಲಿ ಲಸಿಕೆ ಪಡೆದವರೇ ಹೆಚ್ಚು’ ಎಂದು ವರದಿ ಬರುತ್ತದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮರುದಿನ ಲಸಿಕೆಯ ಕ್ಯಾಂಪಿಗೆ ಯಾರೂ ಬರುವುದಿಲ್ಲ. ಲಸಿಕೆಯೇ ಇಲ್ಲದಿದ್ದರೆ 50 ಮಂದಿ ಮಲಗುತ್ತಿದ್ದರು ಎಂಬುದು ಯಾರಿಗೂ ಕಾಣದ ಅಂಕಿ, ಏಕೆಂದರೆ ಬಾರದ ಕಾಯಿಲೆಗೆ ಹೆಸರಿಲ್ಲ, ವಾರ್ಡಿಲ್ಲ, ಫೋಟೊ ಇಲ್ಲ. ವೈದ್ಯಕೀಯ ವರದಿಗಾರಿಕೆಯಲ್ಲಿ ನಾವು ಮಾಡುವ ಅತಿ ದೊಡ್ಡ ಅನ್ಯಾಯ ಇದೇ ಎಂದು ನನಗನಿಸುತ್ತದೆ.

ಸಮೂಹ ರೋಗನಿರೋಧಕತೆ ಎಂಬ ಮಾತನ್ನೂ ಇಲ್ಲಿ ತರಬಾರದು. ದಡಾರದ ಒಬ್ಬ ರೋಗಿ, ಯಾರಿಗೂ ರಕ್ಷಣೆಯಿಲ್ಲದ ಜನರ ನಡುವೆ 12ರಿಂದ 18 ಮಂದಿಗೆ ಹರಡುತ್ತಾನೆ. ಈ ಅಂಕಿಯನ್ನು ‘ಆರ್ ನಾಟ್’ ಎನ್ನುತ್ತಾರೆ. ಅಲ್ಲಿ ಬಹುಪಾಲು ಮಂದಿಗೆ ಲಸಿಕೆ ಹಾಕಿದರೆ ಹಾಕಿಸಿಕೊಳ್ಳದ ಕೂಸೂ ಪಾರಾಗುತ್ತದೆ. ಮಂಗನ ಕಾಯಿಲೆಯಲ್ಲಿ ಮನುಷ್ಯರ ನಡುವಿನ ಆರ್ ನಾಟ್ ಸೊನ್ನೆ. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡರೂ ಉಣ್ಣೆ ಕಚ್ಚಿದರೆ ನಿಮ್ಮ ಕೈಹಿಡಿಯುವುದು ನಿಮ್ಮ ಲಸಿಕೆಯೇ ಹೊರತು ನೆರೆಯವರದಲ್ಲ.

ಹಾಗಾದರೆ ಮುಂಚೆಯೇ ತಿಳಿಯುವ ದಾರಿ? ಅದಕ್ಕಿರುವುದು ಕಣ್ಗಾವಲು. ರೋಗಿ ತಾನಾಗಿ ಆಸ್ಪತ್ರೆಗೆ ಬಂದ ಮೇಲೆ ಎಣಿಸುವುದು ನಿಷ್ಕ್ರಿಯ ಕಣ್ಗಾವಲು, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ‘ಜ್ವರ ಉಂಟಾ’ ಎಂದು ಕೇಳುವುದು ಸಕ್ರಿಯ. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಮಂಗವಿದೆ. ಮನುಷ್ಯರಿಗೆ ಬರುವ ಮೊದಲೇ ಬಹಳ ಸಲ ಮಂಗ ಸತ್ತಿರುತ್ತದೆ. ತೋಟದಲ್ಲಿ ಸತ್ತ ಮಂಗ ಕಂಡವರು ಮುಟ್ಟದೆ ಪಂಚಾಯಿತಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿದರೆ ಪಶುವೈದ್ಯರು ಬಂದು ಮಾದರಿ ತೆಗೆದು ಸುಡಿಸುತ್ತಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರು ಉಣ್ಣೆ ಹಿಡಿಯುವವರು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಉಣ್ಣೆ ಹತ್ತದಂತೆ ಮೈಗೆ ಡೇಪಾ ಎಣ್ಣೆ ಹಚ್ಚಿ, ಬಿಳಿ ಫ್ಲಾನೆಲ್ ಬಟ್ಟೆಯೊಂದನ್ನು ಕಾಡಿನ ನೆಲದ ಮೇಲೆ ಮೆಲ್ಲಗೆ ಎಳೆದುಕೊಂಡು ನಡೆಯುತ್ತಾರೆ. ಹತ್ತಿಪ್ಪತ್ತು ಮಾರು ಎಳೆದು ಬಟ್ಟೆ ಮಗುಚಿದರೆ ಬಿಳಿಯ ಮೇಲೆ ಕಂದು ಚುಕ್ಕೆಗಳು ಅಂಟಿರುತ್ತವೆ, ಚಿಮಟದಲ್ಲಿ ಒಂದೊಂದಾಗಿ ಹೆಕ್ಕಿ ಸೀಸೆಗೆ ಹಾಕುತ್ತಾರೆ. ಪ್ರಯೋಗಾಲಯದಲ್ಲಿ ಹಲವನ್ನು ಒಟ್ಟಿಗೆ ಅರೆದು ವೈರಸ್ ಇದೆಯೇ ಎಂದು ನೋಡುತ್ತಾರೆ. ಸುದ್ದಿಯಾಗದ ಕೆಲಸ. ಉಣ್ಣೆಯಲ್ಲಿ ವೈರಸ್ ಸಿಕ್ಕ ಊರಿಗೆ ಆ ವಾರವೇ ಎಣ್ಣೆ ತಲುಪಿಸಿದರೆ ಜನವರಿಯ ಸುದ್ದಿ ಹುಟ್ಟುವುದೇ ಇಲ್ಲ.

ಸದ್ಯಕ್ಕೆ ಎಣ್ಣೆ ಮತ್ತು ಎಚ್ಚರ, ಇವೆರಡೇ ಕೈಯಲ್ಲಿರುವುದು. ಹಳೆಯ ಲಸಿಕೆ ಗುಣಮಟ್ಟದ ಪರೀಕ್ಷೆಯಲ್ಲಿ ಬಿದ್ದುಹೋಗಿ 2022ರಲ್ಲಿ ನಿಂತಿತು. ಹೊಸದಕ್ಕೆ ಐಸಿಎಂಆರ್ ಕೈಹಾಕಿದೆ. ಯಾವಾಗ ಬರುತ್ತದೆ, ಇಷ್ಟು ತಡವೇಕೆ ಎಂದು ಮಲೆನಾಡಿನವರು ಕೇಳುವುದು ನ್ಯಾಯವೇ. ಹಣ, ಕಡತಗಳ ನಿಧಾನ ಒಂದು ಕಡೆಗಿರಲಿ, ಲೆಕ್ಕದ್ದೇ ಒಂದು ತೊಡಕಿದೆ. ಒಂದು ಋತುವಿನಲ್ಲಿ ಸಾವಿರಕ್ಕೆ ಒಬ್ಬರಂತೆ ಕಾಯಿಲೆ ಬರುವ ಕಡೆ ಹೊಸ ಲಸಿಕೆಯನ್ನು ಹತ್ತು ಸಾವಿರ ಮಂದಿಗೆ ಕೊಟ್ಟು, ಇನ್ನು ಹತ್ತು ಸಾವಿರ ಮಂದಿಗೆ ಕೊಡದೆ ಕಾದೆವು ಎನ್ನಿ. ಕೊಡದವರಲ್ಲಿ 10, ಕೊಟ್ಟವರಲ್ಲಿ 4 ಪ್ರಕರಣ ಬಂದರೆ ಲಸಿಕೆ ಕೆಲಸ ಮಾಡಿತೋ, ಆ ವರ್ಷ ಆರು ಮಂದಿಯ ಅದೃಷ್ಟ ಚೆನ್ನಾಗಿತ್ತೋ ಖಚಿತವಾಗಿ ಹೇಳಲಾಗದು. ಖಚಿತವಾಗಿ ಹೇಳಬೇಕಾದರೆ ಇದರ ಹಲವು ಪಟ್ಟು ಜನ ಬೇಕು, ಅಷ್ಟು ಜನ ಒಂದೇ ಕಡೆ ಸಿಗುವುದಿಲ್ಲ, ಕಾಯಿಲೆ ಈ ವರ್ಷ ಬಂದ ಊರಿಗೆ ಮುಂದಿನ ವರ್ಷ ಬರುತ್ತದೆಂಬ ಖಾತ್ರಿಯೂ ಇಲ್ಲ. ಹೀಗಾಗಿ ರಕ್ತದಲ್ಲಿ ಪ್ರತಿಕಾಯ ಎಷ್ಟು ಬೆಳೆಯಿತು ಎಂಬುದನ್ನು ನೋಡಿಯೇ ಮೊದಲ ತೀರ್ಮಾನಕ್ಕೆ ಬರಬೇಕಾಗುತ್ತದೆ. ಕಾಡಂಚಿನ ಊರುಗಳಲ್ಲಿ ಅದು ಎಷ್ಟರ ಮಟ್ಟಿಗೆ ಕಾಪಾಡಿತು ಎಂಬ ಲೆಕ್ಕ, ಲಸಿಕೆ ಬಳಕೆಗೆ ಬಂದು ಕೆಲವು ಜನವರಿಗಳು ಕಳೆದ ಮೇಲಷ್ಟೇ ಸಿಗುವಂಥದ್ದು.